ಬೇಕಲ ಕೋಟೆ ಫೋಟೋದಲ್ಲಿ ಇರುವ ಹಾಗೇ ಇದೆಯಾ?

ನೀವು ಕೇಳಿದ್ದು: "ಏಪ್ರಿಲ್ ರಜೆಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಜೊತೆ ಬೇಕಲಕ್ಕೆ ಬರೋಣ ಅಂತಿದ್ದೇವೆ. ಮೊಬೈಲ್‌ನಲ್ಲಿ ಕಾಣುವ ಫೋಟೋಗಳಷ್ಟು ಚೆನ್ನಾಗಿದೆಯಾ, ಇಲ್ಲ ಎಲ್ಲ ಎಡಿಟಿಂಗಾ?"

ಎಡಿಟಿಂಗ್ ಏನಲ್ಲ. ಆದರೆ ನೀವು ನೋಡಿದ ಫೋಟೋ ಬಹುಶಃ ಜುಲೈ ತಿಂಗಳದ್ದು, ಬರುತ್ತಿರುವುದು ಏಪ್ರಿಲ್‌ನಲ್ಲಿ. ಎಡವಟ್ಟು ಆಗುವುದೇ ಇಲ್ಲಿ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವನು, ಬೇಕಲ ಇರುವುದೂ ನಮ್ಮ ಜಿಲ್ಲೆಯಲ್ಲೇ. ಬೇಸಿಗೆ ರಜೆ ಶುರುವಾದರೆ ಘಟ್ಟದ ಮೇಲಿನ ನೆಂಟರು ಬರುತ್ತಾರೆ, ಬಂದವರೆಲ್ಲ ಬೇಕಲ ತೋರಿಸು ಅನ್ನುತ್ತಾರೆ. ಬಾಗಿಲು ದಾಟಿ ಸ್ವಲ್ಪ ಒಳಗೆ ಹೋದ ಮೇಲೆ ಅವರ ಮುಖ ನೋಡಬೇಕು! ಒಂದ್ಸಲ ಅಕ್ಕನ ಮಗ ಕೋಟೆಯ ನಟ್ಟನಡುವೆ ನಿಂತು, "ಮಾವಾ, ಕೋಟೆ ಎಲ್ಲಿ?" ಅಂತ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸುಮಾರು 40 ಎಕರೆ ಜಾಗ, ಕೇರಳದಲ್ಲೇ ದೊಡ್ಡ ಕೋಟೆ. ಒಳಗೆ ನಿಂತರೆ ಗೋಡೆಗಳೆಲ್ಲ ಎಲ್ಲೋ ದೂರದಲ್ಲಿ. ಕಣ್ಣಿಗೆ ಬೀಳುವುದು ದೊಡ್ಡ ಮೈದಾನ. ಅರಮನೆ ಇಲ್ಲ, ಕೆತ್ತನೆಯ ಕಂಬ ಇಲ್ಲ. ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕ ಹಳೇ ಕಟ್ಟಡಗಳ ಅಡಿಪಾಯ ಮಾತ್ರ ಹುಲ್ಲಿನ ನಡುವೆ ಅಲ್ಲಲ್ಲಿ ಕಾಣುತ್ತದೆ. ಹಂಪಿ ನೋಡಿ ಬಂದವರಿಗೆ ಇದು ಸಪ್ಪೆ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಹಾಗಾದರೆ ಆ ಫೋಟೋಗಳು? ಹೆಚ್ಚಿನವು ಎರಡು ಥರ. ಒಂದು, ಮಳೆಗಾಲದ ಕೋಟೆ. 1995ರಲ್ಲಿ ಬಂದ ಮಣಿರತ್ನಂ ಅವರ 'ಬಾಂಬೆ' ಸಿನಿಮಾದ ಹಾಡೊಂದನ್ನು ಇಲ್ಲೇ ತೆಗೆದದ್ದು. ಒದ್ದೆ ಗೋಡೆ, ಕಪ್ಪು ಮೋಡ, ಅಬ್ಬರದ ತೆರೆ. ಅಲ್ಲಿಂದ ಈಚೆಗೆ ಬೇಕಲ ಅಂದರೆ ಜನರ ತಲೆಯಲ್ಲಿ ಅದೇ ಚಿತ್ರ ಕೂತುಬಿಟ್ಟಿದೆ. ಇನ್ನೊಂದು, ಮೇಲಿಂದ ತೆಗೆದದ್ದು: ಸಮುದ್ರದೊಳಗೆ ಚಾಚಿದ ಕೊತ್ತಲ, ಸುತ್ತ ಬಿಳಿ ನೊರೆ. ಆ ನೋಟ ಹಕ್ಕಿಗೆ ಮತ್ತು ಡ್ರೋನ್‌ಗೆ ಮಾತ್ರ ಸಿಗುವುದು. ಅಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ, ಆದ್ದರಿಂದ ಅದರ ಆಸೆ ಬಿಡಿ. ನಮ್ಮ ನಿಮ್ಮ ಎತ್ತರದಿಂದ ಅದೇ ಕೊತ್ತಲ ಒಂದು ಗಿಡ್ಡ ಕಲ್ಲುಗೋಡೆಯ ಹಾಗೆ ಕಾಣುತ್ತದೆ. ಅದರ ತುದಿಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿದರೆ ಮಾತ್ರ ಮಜಾ. ಆದರೆ ಆಗ ಫೋಟೋದಲ್ಲಿ ಕೊತ್ತಲವೇ ಇರುವುದಿಲ್ಲ!

ಬಣ್ಣದ ವಿಷಯ ಸ್ವಲ್ಪ ಹೇಳಬೇಕು. ಕೋಟೆ ಕಟ್ಟಿರುವುದು ನಮ್ಮ ಕಡೆಯ ಮುರಕಲ್ಲಿನಲ್ಲಿ. ಮೈತುಂಬ ತೂತು ಇರುವ ಕಲ್ಲು, ನೀರು ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಪಾಚಿ ಹಿಡಿಯುತ್ತದೆ, ಸಂದಿಯಲ್ಲೆಲ್ಲ ಹುಲ್ಲು, ಸಣ್ಣ ಸಣ್ಣ ಜರಿಗಿಡ. ಮಳೆ ನಿಂತು ಬಿಸಿಲು ಏರಿದ ಹಾಗೆ ಇದೆಲ್ಲ ಒಣಗುತ್ತದೆ. ಮಾರ್ಚ್ ಹೊತ್ತಿಗೆ ಮೈದಾನ ಪೂರ್ತಿ ಒಣಹುಲ್ಲಿನ ಬಣ್ಣ. ಏಪ್ರಿಲ್ ಮಧ್ಯಾಹ್ನ ಗೋಡೆಗೆ ಕೈ ಇಟ್ಟರೆ ಚುರ್ ಅನ್ನುತ್ತದೆ. ಗೋಡೆಯ ಮೇಲೆ ನಡೆಯುವ ದಾರಿಯಲ್ಲಿ ನೆರಳಿಗೆ ಒಂದು ಮರವೂ ಸಿಗುವುದಿಲ್ಲ.

ಹಾಗಂತ ಜುಲೈಯಲ್ಲೇ ಬನ್ನಿ ಅಂತ ನಾನು ಹೇಳುವುದಿಲ್ಲ. ವಯಸ್ಸಾದ ಅಪ್ಪ ಅಮ್ಮನ ಜೊತೆ ಪಾಚಿಗಟ್ಟಿದ ಮುರಕಲ್ಲಿನ ಮೇಲೆ ನಡೆಯುವುದು ಬೇಡವೇ ಬೇಡ. ಗಾಳಿಗೆ ಕೊಡೆಯೂ ನಿಲ್ಲುವುದಿಲ್ಲ. ತಿಂಗಳು ಬದಲಾಯಿಸಲು ಆಗುವುದಾದರೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಆಕಾಶವೂ ತೊಳೆದಿಟ್ಟ ಹಾಗಿರುತ್ತದೆ.

ಸೂರ್ಯಾಸ್ತದ ಫೋಟೋ ನಂಬಿ ಬರುವವರಿಗೂ ಒಂದು ಮಾತು. ಸಂಜೆ ಕೋಟೆ ಬೇಗ ಮುಚ್ಚುತ್ತದೆ. ಬಣ್ಣ ಏರುವ ಹೊತ್ತಿಗೆ ಸರಿಯಾಗಿ ಸೆಕ್ಯುರಿಟಿಯವರು ಸಿಳ್ಳೆ ಊದಿಕೊಂಡು ಬರುತ್ತಾರೆ. ಒಳಗೆ ಹೋಗುವಾಗಲೇ ಟಿಕೆಟ್ ಕೌಂಟರ್‌ನಲ್ಲಿ ಸಮಯ ಕೇಳಿಕೊಳ್ಳಿ. ಮುಳುಗುವ ಸೂರ್ಯನನ್ನು ನೋಡಲೇಬೇಕು ಅಂದರೆ ಪಕ್ಕದ ಪಳ್ಳಿಕ್ಕರೆ ಬೀಚ್ ಇದೆ. ಉಪ್ಪಲ್ಲಿ ಹಾಕಿದ ನೆಲ್ಲಿಕಾಯಿ ತಿಂದುಕೊಂಡು ಆರಾಮಾಗಿ ಕೂರಬಹುದು. ರಜಾದಿನವಾದರೆ ಜನಜಾತ್ರೆ ಇರುತ್ತದೆ, ಅಷ್ಟೇ.

ಇನ್ನು ಯಾರೂ ಫೋಟೋ ತೆಗೆಯದ ಒಂದು ಸಂಗತಿ. ನನ್ನನ್ನು ಕೇಳಿದರೆ ಕೋಟೆಯಲ್ಲಿ ನೋಡಬೇಕಾದದ್ದೇ ಅದು. ಸಮುದ್ರದ ಕಡೆಯ ಗೋಡೆಯಲ್ಲಿ ಕೋವಿ ಕಿಂಡಿಗಳಿವೆ. ಎಲ್ಲರೂ ಅದರಲ್ಲಿ ಮುಖ ತೂರಿಸಿ ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ. ನೀವು ಮಕ್ಕಳನ್ನು ಬಗ್ಗಿಸಿ ಒಂದೊಂದರಲ್ಲೂ ನೋಡಲು ಹೇಳಿ. ಮೇಲಿನದರಲ್ಲಿ ದೂರದ ಸಮುದ್ರ ಕಾಣುತ್ತದೆ. ಅದರ ಕೆಳಗಿನದರಲ್ಲಿ ಹತ್ತಿರದ ನೀರು. ತೀರಾ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಹತ್ತಿರ ಬಂದ ಹಾಗೆಲ್ಲ ಕಿಂಡಿ ಬದಲಾಯಿಸುತ್ತಾ ಗುಂಡು ಹಾರಿಸುವ ಲೆಕ್ಕಾಚಾರ. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ ಕೋಟೆ ಇದು. ಆಮೇಲೆ ಹೈದರ್, ಟಿಪ್ಪು, 1799ರ ನಂತರ ಕಂಪನಿ ಸರ್ಕಾರ. ಎಲ್ಲರಿಗೂ ಬೇಕಾಗಿದ್ದದ್ದು ಸಮುದ್ರದ ಮೇಲೊಂದು ಕಣ್ಣು. ಅಲಂಕಾರಕ್ಕೆ ಯಾರೂ ಕಾಸು ಹಾಕಿದ ಹಾಗೆ ಕಾಣುವುದಿಲ್ಲ. ನಡುವಿನ ವೀಕ್ಷಣಾ ಗೋಪುರಕ್ಕೆ ಇಳಿಜಾರು ದಾರಿ ಇದೆ, ಅಪ್ಪ ಅಮ್ಮ ನಿಧಾನವಾಗಿ ಹತ್ತಬಹುದು. ಮೇಲೆ ನಿಂತರೆ ಕೋಟೆಯ ಆಕಾರ ಅರ್ಥವಾಗುತ್ತದೆ, ಗಾಳಿಯೂ ಜೋರು.

ಹೇಗೂ ಇಲ್ಲಿವರೆಗೆ ಬಂದವರು ಕುಂಬಳೆ ಹತ್ತಿರದ ಅನಂತಪುರಕ್ಕೂ ಹೋಗುತ್ತೀರಿ, ಅಲ್ವಾ? ಕೆರೆಯ ನಡುವಿನ ದೇವಸ್ಥಾನ. ಅಲ್ಲಿಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಆಗ ಒಂದು ಫೋಟೋ ಎಲ್ಲ ಗ್ರೂಪ್‌ಗಳಲ್ಲೂ ಓಡಾಡಿತು, ಒಬ್ಬ ಮನುಷ್ಯ ಮೊಸಳೆಯನ್ನು ಮುದ್ದು ಮಾಡುತ್ತಿರುವುದು. ಅದು ಬಬಿಯಾ ಅಲ್ಲವೇ ಅಲ್ಲ, ಕೋಸ್ಟರಿಕಾದ ಪೋಚೊ ಎಂಬ ಮೊಸಳೆ! 2023ರಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಆದರೆ ನೀವು ಹೋದಾಗ ಅದು ಮೇಲೆ ಬರುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ದೇವಸ್ಥಾನದ ಸುತ್ತ ಬೇಸಿಗೆಯಲ್ಲಿ ಬೋಳು ಪಾದೆ, ಅಂದರೆ ಬರೀ ಕಲ್ಲು ಹಾಸಿನ ಬಯಲು, ಫೋಟೋದ ಹಸಿರು ಇರುವುದಿಲ್ಲ. ಆ ಪಾದೆ ದಾಟಿ ಬಂದು ತಗ್ಗಿನಲ್ಲಿ ನೀರು ಕಂಡಾಗ ತಂಪೆನಿಸುತ್ತದೆ ನೋಡಿ, ಅದು ಏಪ್ರಿಲ್‌ನವರಿಗೇ ಸಿಗುವ ಲಾಭ.

ಫೋಟೋಗಿಂತ ಎದುರಿಗೆ ಚೆನ್ನಾಗಿರುವ ಜಾಗ ಬೇಕಾ? ಮಧೂರು ದೇವಸ್ಥಾನಕ್ಕೆ ಹೋಗಿ. ಮೂರು ಅಂತಸ್ತಿನ ಗಜಪೃಷ್ಠ ಗುಡಿ. ಆನೆಯ ಬೆನ್ನಿನ ಹಾಗೆ ಹಿಂದಕ್ಕೆ ಗುಂಡಗೆ ಬಾಗಿದ ತಾಮ್ರದ ಛಾವಣಿ ಯಾವ ಮೊಬೈಲ್‌ಗೂ ಪೂರ್ತಿ ಸಿಗುವುದಿಲ್ಲ, ಸುತ್ತು ಬಂದೇ ನೋಡಬೇಕು. ಜೀರ್ಣೋದ್ಧಾರ ಆಗಿ 2025ರಲ್ಲಿ ಬ್ರಹ್ಮಕಲಶ, ಗಣಪತಿಯ ಮೂರ್ತಿಯನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ ನಡೆದಿದೆ. ಕಾಸರಗೋಡು ಪೇಟೆಯಿಂದ ಹತ್ತಿರವೇ.

ಏಪ್ರಿಲ್‌ಗೇ ಟಿಕೆಟ್ ಬುಕ್ ಆಗಿದ್ದರೆ ಕ್ಯಾನ್ಸಲ್ ಮಾಡಬೇಡಿ. ರೈಲಾದರೆ ಕಾಸರಗೋಡಿನಲ್ಲೇ ಇಳಿಯಿರಿ, ಬೇಕಲ ಫೋರ್ಟ್ ಸ್ಟೇಷನ್‌ನಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ. ಅಲ್ಲಿಂದ ಹೈವೇ ಹಿಡಿಯದೆ ಚಂದ್ರಗಿರಿ ಸೇತುವೆ ಮೇಲಾಗಿ ಕರಾವಳಿ ರಸ್ತೆಯಲ್ಲೇ ಹೋಗಿ. ತಿಂಡಿ ಪೇಟೆಯಲ್ಲೇ ಮುಗಿಸಿ, ನೀರು, ಟೋಪಿ ಮರೆಯಬೇಡಿ. ಬೆಳಿಗ್ಗೆ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿದ್ದರೆ ಬಿಸಿಲು ಏರುವ ಮೊದಲೇ ಕೋಟೆ ಸುತ್ತಿ ಹೊರಗೆ ಬಂದು ಎಳನೀರು ಕುಡಿಯಬಹುದು.