ಬಾಟಲಿ ಮನೆಯಲ್ಲೂ ಇದೆಯಲ್ಲ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿವೃತ್ತರಾದ ಅಪ್ಪ ವಾರಕ್ಕೆರಡು ಸಂಜೆ ಮನೆ ಹತ್ತಿರದ ಹಳೇ ಬಾರ್‌ಗೆ ಹೋಗುತ್ತಾರೆ. ಒಂದೇ ಗ್ಲಾಸು, ಎರಡು ಗಂಟೆ. "ಇದಕ್ಕಿಂತ ಒಳ್ಳೆಯ ಬಾಟಲಿ ಮನೆಯಲ್ಲೇ ತಂದಿಟ್ಟಿದ್ದೇನೆ. ಬಣ್ಣ ಕಿತ್ತ ಗೋಡೆಯ ಆ ಜಾಗದಲ್ಲಿ ಅಂಥದ್ದೇನಿದೆ?" ಎಂದು ಕೇಳಿದ್ದೀರಿ. ಹೆಸರು ಹಾಕಬೇಡಿ ಎಂದಿದ್ದರಿಂದ ಹಾಕಿಲ್ಲ.

ಅಲ್ಲೊಂದು ಕುರ್ಚಿಯಿದೆ. ಯಾಕೆ ಬಂದಿರಿ, ಯಾವಾಗ ಏಳುತ್ತೀರಿ ಎಂದು ಯಾರೂ ಕೇಳದ ಕುರ್ಚಿ. ಆ ಒಂದು ಗ್ಲಾಸಿಗೆ ನಿಮ್ಮ ತಂದೆಯವರು ಕೊಡುವ ದುಡ್ಡಿನಲ್ಲಿ ಬಹುಪಾಲು ಅದರ ಬಾಡಿಗೆ ಎಂದೇ ನನ್ನ ಎಣಿಕೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಇಂಥವನ್ನು 'ಮೂರನೇ ಜಾಗ' ಎಂದು ಕರೆದರು. ಮನೆ ಮೊದಲನೆಯದು, ದುಡಿಯುವ ಕಡೆ ಎರಡನೆಯದು. ಬಾರ್, ಕಾಫಿ ಅಂಗಡಿ, ಕ್ಷೌರದಂಗಡಿ ಮೂರನೆಯವು. ನಿವೃತ್ತಿಯಾದ ದಿನವೇ ನಿಮ್ಮ ತಂದೆಯವರ ಎರಡನೇ ಜಾಗ ಕೈಬಿಟ್ಟಿತು. ಮೂರನೆಯದನ್ನೂ ಬಿಡಿಸಿದರೆ ಅವರು ಹೋಗುವುದೆಲ್ಲಿಗೆ?

ಇಂಥ ಜಾಗ ನೋಡಲು ಸಾದಾ ಇರುತ್ತದೆ ಎಂದೂ ಓಲ್ಡನ್‌ಬರ್ಗ್ ಗುರುತಿಸಿದ್ದರು. ಥಳುಕಿನ ಕಡೆ ಹೋಗಬೇಕಾದರೆ ಬಟ್ಟೆ ನೋಡಿಕೊಳ್ಳಬೇಕು, ಜೇಬು ಮುಟ್ಟಿಕೊಳ್ಳಬೇಕು. ಅಲಂಕಾರಕ್ಕೆ ಸುರಿದ ದುಡ್ಡು ಗಿರಾಕಿಯಿಂದಲೇ ಹುಟ್ಟಬೇಕಲ್ಲ, ಹಾಗಾಗಿ ಒಂದು ಗ್ಲಾಸಿಗೆ ಎರಡು ಗಂಟೆ ಕೂತವರನ್ನು ಅಲ್ಲಿ ಸಹಿಸುವುದು ಕಷ್ಟ. ಸದ್ದಿನ ಮಾತೂ ಇದೆ. ಸುತ್ತ ಗದ್ದಲವಿದ್ದರೆ ನಮ್ಮ ದನಿ ನಮಗೇ ತಿಳಿಯದೆ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ತೋರಿಸಿದ್ದರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರೂ ಏರಿಸುತ್ತಾರೆ. ವಯಸ್ಸಾದ ಕಿವಿಗೆ ಆ ಗಲಾಟೆಯಲ್ಲಿ ಮಾತು ಬಿಡಿಸಿಕೊಳ್ಳಲಾಗದು, ಸುಮ್ಮನೆ ನಕ್ಕು ತಲೆಯಾಡಿಸಬೇಕಾಗುತ್ತದೆ. ಹಾಡು ಹಾಕದ ಹಳೇ ಬಾರ್‌ನಲ್ಲಿ ಆ ಕಷ್ಟವಿಲ್ಲ.

ಅಂಥದ್ದೊಂದರಲ್ಲಿ ನಾನೊಮ್ಮೆ ಕೂತಿದ್ದೆ. ಮೊಣಕೈ ಊರಿ ಊರಿ ಕೌಂಟರಿನ ಅಂಚಿನ ಪಾಲಿಶ್ ಹೋಗಿ ಮರ ನುಣುಪಾಗಿತ್ತು. ವಯಸ್ಸಾದವರೊಬ್ಬರು ಬಂದು ಕೂರುವ ಮೊದಲೇ ಅವರ ಗ್ಲಾಸು ಅಲ್ಲಿತ್ತು, ಪಕ್ಕದಲ್ಲಿ ನೀರು.

"ಎರಡು ದಿನ ಕಾಣಲಿಲ್ಲ?"

"ಜ್ವರ."

"ಮಾತ್ರೆ ತಗೊಂಡ್ರಾ?"

ಅಷ್ಟೇ ಮಾತು. ಅವರು ಬರಲಿಲ್ಲವೆಂದು ಲೆಕ್ಕವಿಟ್ಟವರು ಒಬ್ಬರಿದ್ದರು.

ಕುಡಿತಕ್ಕೆ ನಾನು ವಕಾಲತ್ತು ವಹಿಸುತ್ತಿಲ್ಲ. ಆರೋಗ್ಯದ ಮಟ್ಟಿಗೆ ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಒಂದು ಗ್ಲಾಸು ಮೂರಾದರೆ ಖಂಡಿತ ಅವರನ್ನು ಕೂರಿಸಿ ಮಾತಾಡಿ. ಆದರೆ ನೀವು ತಂದಿಟ್ಟ ಬಾಟಲಿಯ ಬಗ್ಗೆ ನನಗೆ ಹೆಚ್ಚು ಭಯ. ಒಬ್ಬರೇ ಕೂತು ಬಗ್ಗಿಸಿಕೊಳ್ಳುವಾಗ ಎಷ್ಟಾಯಿತೆಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ಒಂದು ಸಂಜೆ ಅವರ ಜೊತೆ ಹೋಗಿ ಬನ್ನಿ. ನಿಮಗೆ ಬರೀ ಸೋಡಾ ಸಾಕು. ಪಕ್ಕದವರಿಗೆ ಅವರು ನಿಮ್ಮನ್ನು ಏನೆಂದು ಪರಿಚಯಿಸಿದರು ಎಂಬುದನ್ನು ನನಗೆ ಬರೆದು ತಿಳಿಸಿ.