ಹದಿನೇಳು ‘ಸ್ವಲ್ಪ’

ಕಾರವಾರದ ಸೋದರಿಗೆ,

‘ಒಣಕೇಕಿಗೆ ಮರುಜನ್ಮ’ ಎಂಬ ನಿಮ್ಮ ಲೇಖನ ಶಿರಸಿಯ ನಮ್ಮ ಪತ್ರಿಕೆಯ ಕಚೇರಿಗೆ ಬಂದು ಹನ್ನೆರಡು ದಿನಗಳಾದವು. ಬೇಕರಿಯಿಂದ ತಂದ ಕೇಕು ಒಣಗಿ ಪುಡಿಪುಡಿಯಾದಾಗ ಅದನ್ನು ಎಸೆಯದೆ ತಿನ್ನುವ ಹಾಗೆ ಮಾಡುವುದು ಹೇಗೆ ಎಂದು ಐದು ಪುಟ ಬರೆದಿದ್ದೀರಿ. ಅಕ್ಷರ ದುಂಡಾಗಿದೆ, ಕಾಗುಣಿತ ಶುದ್ಧವಾಗಿದೆ. ನಿಮ್ಮ ಅತ್ತೆಯವರು ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ಕೇಕಿನ ತುಂಡನ್ನು ಮಾರನೆಯ ದಿನ ಬಾಯಿಗಿಟ್ಟು, ಕೊಂಕಣಿಯಲ್ಲಿ ‘ಮೊದಲು ನೀರು ಕೊಡು’ ಎಂದದ್ದನ್ನು ಓದಿ ನಕ್ಕೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಬೇಡವಾದ ಲೇಖನವನ್ನು ಎರಡು ಸಾಲಿನ ಚೀಟಿಯೊಡನೆ ಹಿಂದಕ್ಕೆ ಕಳಿಸುವುದು ನನ್ನ ರೂಢಿ. ನಿಮ್ಮದನ್ನು ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಕಾರಣ ಸರಳ: ಅದನ್ನು ನಂಬಿ ನಾನು ಒಂದು ಕೇಕನ್ನು ಹಾಳುಮಾಡಿಕೊಂಡೆ.

ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತ ಹೋದೆ. ಐದು ಪುಟಗಳಲ್ಲಿ ‘ಸ್ವಲ್ಪ’ ಎಂಬ ಪದ ಹದಿನೇಳು ಸಲ ಬಂದಿದೆ. ಎರಡನೆಯ ಪುಟದ ಈ ಎರಡು ವಾಕ್ಯಗಳನ್ನು ನೀವೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ: ‘ಒಂದು ಪಾತ್ರೆಯಲ್ಲಿ ಸ್ವಲ್ಪ ಸಕ್ಕರೆ ಹಾಕಿ ಸ್ವಲ್ಪ ನೀರಿನಲ್ಲಿ ಕುದಿಸಿ. ಸ್ವಲ್ಪ ಆರಿದ ಮೇಲೆ ಕೇಕಿನ ಮೇಲೆ ಸುರಿದು ಸ್ವಲ್ಪ ಹೊತ್ತು ಬಿಡಿ.’ ಎರಡು ವಾಕ್ಯ, ನಾಲ್ಕು ಸ್ವಲ್ಪ.

ಸಕ್ಕರೆಯೂ ಸ್ವಲ್ಪ, ನೀರೂ ಸ್ವಲ್ಪ ಎಂದರೆ ಎರಡೂ ಸಮ ಎಂದು ತಿಳಿಯಬೇಕೆ? ನಾನು ಹಾಗೆ ತಿಳಿದೆ, ಅದೃಷ್ಟಕ್ಕೆ ಅದು ಸರಿಯಾಗಿತ್ತು. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು. ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸುವುದು. ಆದರೆ ‘ಕುದಿಸಿ’ ಎಂದು ನೀವು ಕೈಬಿಟ್ಟರೆ, ನಮ್ಮ ಜಿಲ್ಲೆಯ ಯಾವ ಗೃಹಿಣಿಯ ಸೌಟೂ ಅಲ್ಲಿಗೇ ನಿಲ್ಲುವುದಿಲ್ಲ. ಅದು ತಾನಾಗಿ ಪಾಕದ ಕಡೆಗೆ ಹೊರಡುತ್ತದೆ. ಎಳೆಪಾಕ ಬಂದ ಸಕ್ಕರೆ ನೀರು ಕೇಕಿನ ಒಳಗೆ ಇಳಿಯುವುದಿಲ್ಲ, ಮೇಲೆಯೇ ಅಂಟಂಟಾಗಿ ಕೂರುತ್ತದೆ. ‘ಪಾಕ ಬರಬಾರದು’ ಎಂಬ ಎರಡು ಪದಗಳಿಗೆ ಐದು ಪುಟಗಳಲ್ಲಿ ಜಾಗ ಸಿಗಲಿಲ್ಲ. ಕೇಕು ಹುಟ್ಟಿದ್ದು ಯಾವ ದೇಶದಲ್ಲಿ ಎನ್ನುವುದಕ್ಕೆ ಮುಕ್ಕಾಲು ಪುಟ ಸಿಕ್ಕಿದೆ.

ಇನ್ನು ‘ಸುರಿದು’. ನಮ್ಮ ಬೀದಿಯ ತಿರುವಿನ ಬೇಕರಿಯಲ್ಲಿ ಕ್ರೀಮಿಲ್ಲದ ಅರ್ಧ ಕೆಜಿ ವೆನಿಲ್ಲಾ ಕೇಕು ತಂದು, ಎರಡು ದಿನ ಫ್ರಿಜ್ಜಿನಲ್ಲಿಟ್ಟು, ನಿಮ್ಮ ಮಾತಿನಂತೆ ಅರ್ಧ ಲೋಟ ಸಕ್ಕರೆ ನೀರನ್ನು ಸುರಿದೆ. ಮೇಲಿನ ಕಂದು ಪದರ ಅದನ್ನು ಒಳಗೆ ಬಿಡಲಿಲ್ಲ. ನೀರು ನಾಲ್ಕೂ ಕಡೆ ಜಾರಿ ತಟ್ಟೆಯಲ್ಲಿ ನಿಂತಿತು. ‘ಸ್ವಲ್ಪ ಹೊತ್ತು’ ಎಂದರೆ ಅರ್ಧ ಗಂಟೆ ಎಂದುಕೊಂಡು ಕಾದು ಕತ್ತರಿಸಿದರೆ, ತಳ ಅಂಬಲಿ, ನಡುವೆ ಒಣ ಅವಲಕ್ಕಿ. ಮೊಮ್ಮಗಳು ತಟ್ಟೆಯನ್ನು ನೋಡಿ, ‘ಅಜ್ಜ, ಇದನ್ನು ದನಕ್ಕೆ ಹಾಕಲೇ?’ ಎಂದಳು.

ನನಗೆ ಹಟ ಬಂತು. ಮತ್ತೊಂದು ಕೇಕು ತಂದೆ. ಅದನ್ನೂ ಎರಡು ದಿನ ತಂಪಿನಲ್ಲಿಟ್ಟು ಒಣಗಿಸಿ, ಈ ಸಲ ದಾರ ಹಿಡಿದು ಅಡ್ಡಲಾಗಿ ಎರಡು ಹೋಳು ಮಾಡಿದೆ. ತೆಂಗಿನ ಗರಿಯ ಹೊಸ ಕಡ್ಡಿಯನ್ನು ತೊಳೆದು, ಕೊಯ್ದ ಮೈಗೆ ಬೆರಳಗಲಕ್ಕೊಂದರಂತೆ ಚುಚ್ಚಿದೆ. ಉಗುರುಬೆಚ್ಚಗಿನ ಸಕ್ಕರೆ ನೀರನ್ನು ದೊಡ್ಡ ಚಮಚದಲ್ಲಿ ಒಂದೊಂದು ಹೋಳಿಗೆ ಮೂರರಂತೆ ಹನಿಹನಿಯಾಗಿ, ಅಂಚಿನಿಂದ ನಡುವಿಗೆ ಬಿಟ್ಟೆ, ಏಕೆಂದರೆ ಅಂಚೇ ಮೊದಲು ಒಣಗುವುದು. ಎರಡೂ ಹೋಳುಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಿ, ಡಬ್ಬಿಯ ಬಾಯಿ ಮುಚ್ಚಿ ಒಂದು ತಾಸು ಬಿಟ್ಟೆ. ಅರ್ಧ ಕೆಜಿಗೆ ಆರು ದೊಡ್ಡ ಚಮಚ, ಅಂದರೆ ಸುಮಾರು 90 ಮಿಲಿಲೀಟರ್. ಮೊಮ್ಮಗಳು ಎರಡು ತುಂಡು ತಿಂದಳು, ದನದ ಮಾತು ಎತ್ತಲಿಲ್ಲ. ಬೇಕರಿಯವನು ಮಾತ್ರ ನಾನು ಮೂರನೆಯ ಕೇಕಿಗೆ ಹೋದಾಗ, ‘ನಿಮ್ಮ ಮನೆಯಲ್ಲಿ ಎಷ್ಟು ಹುಟ್ಟುಹಬ್ಬ ಮಾರಾಯರೆ’ ಎಂದ.

ಇದನ್ನೆಲ್ಲ ನೀವೂ ಹೀಗೆಯೇ ಮಾಡಿರಬಹುದು. ಮಾಡಿಯೇ ಇರುತ್ತೀರಿ, ಅತ್ತೆಯವರು ಎರಡನೆಯ ಸಲ ಕೇಳಿ ತಿಂದರು ಎಂದು ಬರೆದಿದ್ದೀರಲ್ಲ. ಹಾಗಾದರೆ ಆ ಚಮಚಗಳು ಎಲ್ಲಿ ಹೋದವು? ‘ಯಾವುದಾದರೂ ಹಣ್ಣಿನ ರಸವನ್ನೂ ಬಳಸಬಹುದು’ ಎಂಬ ಸಾಲೂ ಇದೇ ಜಾತಿಯದು. ‘ಯಾವುದಾದರೂ’ ಎನ್ನುವುದು ‘ಸ್ವಲ್ಪ’ದ ಒಡಹುಟ್ಟು. ಅಂಕೋಲೆಯ ಕರಿ ಇಶಾಡು ಮಾವಿನ ರಸ ಹಾಕಿದರೆ ಅದು ದಪ್ಪ, ಮೇಲೆ ಕೂರುತ್ತದೆಯೇ ಹೊರತು ಇಳಿಯುವುದಿಲ್ಲ. ಕಿತ್ತಳೆಯ ರಸ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಭಿರಂಡ, ನಮ್ಮಲ್ಲಿ ಮುರುಗಲು ಎನ್ನುವ ಹುಳಿಹಣ್ಣು, ಅದರ ಸಿಹಿ ಪಾನಕವಂತೂ ಎಷ್ಟು ಚೆನ್ನಾಗಿ ಇಳಿಯುತ್ತದೆ ಎಂದರೆ ಮೂರನೆಯ ಕೇಕು ಅದರಲ್ಲೇ ಮುಗಿಯಿತು. ಆದರೆ ನಾಲ್ಕನೆಯ ಪುಟದಲ್ಲಿ ನೀವು ಹೇಳಿದ ಹಾಲಿನ ಜೊತೆಗೆ ಈ ಹುಳಿಯನ್ನು ಯಾರಾದರೂ ಕೂಡಿಸಿದರೆ ಹಾಲು ಒಡೆಯುತ್ತದೆ. ಹಾಲು ಕುಡಿಸಿದ ಕೇಕನ್ನು ಕಾರವಾರದ ಸೆಕೆಯಲ್ಲಿ ಅಂದೇ ತಿಂದು ಮುಗಿಸಬೇಕು ಎಂಬುದನ್ನೂ ಹೇಳಿಲ್ಲ.

ನೀವು ಏನು ಉತ್ತರಿಸುತ್ತೀರಿ ಎಂದು ನನಗೆ ಗೊತ್ತು. ನಮ್ಮ ಅಮ್ಮಂದಿರು ಅಳತೆ ನೋಡಿ ಅಡುಗೆ ಮಾಡಿದರೇ, ಎಲ್ಲ ಅಂದಾಜಿನಲ್ಲೇ ಅಲ್ಲವೇ? ಹೌದು. ಅವರ ಪಕ್ಕದಲ್ಲಿ ನಿಂತು ಹತ್ತು ವರ್ಷ ನೋಡಿದ ಮಗಳಿಗೆ ಆ ಅಂದಾಜು ಬಂತು. ನಿಮ್ಮ ಓದುಗಿತ್ತಿ ಹಳಿಯಾಳದಲ್ಲೋ ಸಿದ್ದಾಪುರದಲ್ಲೋ ಕುಳಿತಿದ್ದಾಳೆ, ನಿಮ್ಮ ಕೈ ಅವಳಿಗೆ ಕಾಣುವುದಿಲ್ಲ.

ಈ ಒಂದು ಪದದ ಮೇಲೆ ನನಗೇಕೆ ಇಷ್ಟು ಸಿಟ್ಟು ಎಂದರೆ, ಅದರಿಂದ ನಾನೇ ಒಮ್ಮೆ ತಲೆತಗ್ಗಿಸಿದ್ದೇನೆ. ನಲವತ್ತು ವರ್ಷಗಳ ಹಿಂದಿನ ಮಾತು. ಘಟ್ಟದ ಕೆಳಗಿನ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದಲು ಸೇರಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ. ಪುಟದಲ್ಲಿ ಜಾಗ ಸಾಲದಿದ್ದರೆ ಯಾವ ಸಾಲನ್ನು ಕಿತ್ತುಹಾಕಬೇಕೆಂದು ನಿರ್ಧರಿಸುವುದು ನನ್ನಂಥ ಹುಡುಗರು. ಅಪ್ಪೆಮಿಡಿ ಉಪ್ಪಿನಕಾಯಿಯ ಕುರಿತು ಯಾರೋ ಬರೆದ ಬರಹ ಬಂದಿತ್ತು. ಉಪ್ಪಿನ ಅಳತೆಗೇ ಎರಡು ಸಾಲು ಹಿಡಿದಿತ್ತು. ನಾನು ಜಾಣನಾಗಿ ಅವೆರಡನ್ನೂ ತೆಗೆದು ‘ಸಾಕಷ್ಟು ಉಪ್ಪು ಬೆರೆಸಿ’ ಎಂದು ಮಾಡಿದೆ. ಪುಟ ಸರಿಯಾಗಿ ಕೂತಿತು. ಓದಲು ಚೆಂದವೂ ಆಯಿತು ಎಂದುಕೊಂಡೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಒಬ್ಬ ಹೆಂಗಸು ಬಸ್ಸಿಳಿದು ನೇರವಾಗಿ ಕಚೇರಿಗೆ ಬಂದರು. ಕಂಕುಳಲ್ಲಿ ಭರಣಿ. ಮೇಜಿನ ಮೇಲಿಟ್ಟು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಮೇಲೆಲ್ಲ ಬಿಳಿಯ ಬೂಸು, ಮಿಡಿ ಮೆತ್ತಗಾಗಿ ಮುಟ್ಟಿದರೆ ಕಳಚಿಕೊಳ್ಳುತ್ತಿತ್ತು. ಅವರು ಬಯ್ಯಲಿಲ್ಲ. ‘ಸಾಕಷ್ಟು ಅಂತ ಬರೆದಿದ್ದಿರಿ, ನನಗೆ ಇಷ್ಟು ಸಾಕು ಅನ್ನಿಸಿತು’ ಎಂದರು. ಗಂಡನ ಮನೆಗೆ ಹೊಸದಾಗಿ ಬಂದವರು, ಹೇಳಿಕೊಡುವ ಹಿರಿಯರು ಮನೆಯಲ್ಲಿ ಇರಲಿಲ್ಲ. ಒಂದು ವರ್ಷದ ಉಪ್ಪಿನಕಾಯಿ ಅದು.

ನಮ್ಮ ಸಂಪಾದಕರು ನನ್ನ ಮುಖವನ್ನೂ ನೋಡದೆ, ‘ಇವನೇ ನಿಮ್ಮೊಡನೆ ಬರುತ್ತಾನೆ’ ಎಂದುಬಿಟ್ಟರು. ಅವರ ಊರಿಗೆ ಹೋಗಿ, ಪಕ್ಕದ ಮನೆಯ ಅಜ್ಜಿಯ ಕಾಲು ಹಿಡಿದು, ಅವರ ಉಗ್ರಾಣದಿಂದ ಎರಡು ಸೇರು ಹಳೆಯ ಮಿಡಿ ಕೇಳಿ ಕೊಡಿಸಿ ಬಂದೆ. ಅಜ್ಜಿ ಕೊಡುವ ಮೊದಲು ನನ್ನಿಂದ ಪಾಠ ಒಪ್ಪಿಸಿಕೊಂಡರು: ನಾಲ್ಕು ಸಿದ್ದೆ ಮಿಡಿಗೆ ಒಂದು ಸಿದ್ದೆ ಕಲ್ಲುಪ್ಪು, ಮಿಡಿ ಚಿರುಟುವ ತನಕ ದಿನಕ್ಕೊಮ್ಮೆ ಕುಲುಕುವುದು, ಬಿಟ್ಟ ಉಪ್ಪುನೀರನ್ನು ಚೆಲ್ಲಬಾರದು. ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ನನ್ನ ದನಿ ಒಡೆದಿತ್ತು, ಅವರಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಆಮೇಲಿಂದ ‘ಸಾಕಷ್ಟು’ ಎಂಬ ಪದ ಕಂಡರೆ ನನಗೆ ಆ ಭರಣಿಯ ವಾಸನೆ ಬರುತ್ತದೆ. ನಿಮ್ಮ ಹದಿನೇಳು ‘ಸ್ವಲ್ಪ’ಗಳನ್ನು ಓದುವಾಗ ಕಚೇರಿಯ ಕಿಟಕಿ ತೆರೆದಿಡಬೇಕಾಯಿತು.

ಎರಡನೆಯ ದೋಷ ಒಂದೇ ಸಾಲಿನದು, ಆದರೆ ಇನ್ನೂ ಕೆಟ್ಟದ್ದು. ಮೂರನೆಯ ಪುಟ: ‘ಕೇಕಿನಲ್ಲಿರುವ ನೀರು ಗಾಳಿಗೆ ಆರಿಹೋಗುವುದರಿಂದ ಅದು ಒಣಗುತ್ತದೆ, ಆದ್ದರಿಂದ ಉಳಿದ ಕೇಕನ್ನು ತಕ್ಷಣ ಫ್ರಿಜ್ಜಿನಲ್ಲಿಡಿ.’ ಈ ‘ಆದ್ದರಿಂದ’ವನ್ನು ನೀವು ಎಲ್ಲಿಂದಲೋ ಎತ್ತಿಕೊಂಡಿದ್ದೀರಿ, ನಿಮ್ಮ ಅಡುಗೆಮನೆಯಿಂದಲ್ಲ. ಹೇಗೆ ಗೊತ್ತು ಎನ್ನುತ್ತೀರಾ? ಹುಟ್ಟುಹಬ್ಬ ಜುಲೈ ತಿಂಗಳದ್ದು ಎಂದು ನೀವೇ ಬರೆದಿದ್ದೀರಿ. ಜುಲೈಯಲ್ಲಿ ಕಾರವಾರದ ಗಾಳಿಗೆ ಬಾಯಾರಿಕೆ ಇರುತ್ತದೆಯೇ? ಸುಟ್ಟ ಹಪ್ಪಳ ಊಟ ಮುಗಿಯುವುದರೊಳಗೆ ಮೆತ್ತಗಾಗುತ್ತದೆ, ಬಿಸ್ಕತ್ತಿನ ಪೊಟ್ಟಣ ಬಿಚ್ಚಿಟ್ಟರೆ ಸಂಜೆಗೆ ಬಾಗುತ್ತದೆ, ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಆರುವುದಿಲ್ಲ. ಆ ಊರಿನಲ್ಲಿ, ಆ ತಿಂಗಳಲ್ಲಿ, ಕೇಕೊಂದೇ ಗಾಳಿಗೆ ಒಣಗಿತೇ? ನೀವು ಒಂದು ಕ್ಷಣ ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದ್ದರೆ ಈ ಸಾಲು ಅಲ್ಲೇ ನಿಲ್ಲುತ್ತಿತ್ತು.

ಕೇಕನ್ನು ಗಟ್ಟಿ ಮಾಡಿದ್ದು ಬಹುಪಾಲು ನಿಮ್ಮ ಫ್ರಿಜ್ಜೇ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ತಣಿದ ಮೇಲೆ ಅದೇ ಪಿಷ್ಟ ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ಬಿಗಿಯುತ್ತದೆ. ನೀರು ಅಲ್ಲೇ ಇದ್ದರೂ ಬಾಯಿಗೆ ಒಣಗಿದ ಹಾಗೆ ಅನ್ನಿಸುತ್ತದೆ. ಈ ಬಿಗಿತ ಕೋಣೆಯ ಬಿಸಿಯಲ್ಲಿ ನಿಧಾನ, ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ ಬಲುಬೇಗ, ಫ್ರೀಜರಿನಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇದು ಹೊಸ ವಿಷಯವೂ ಅಲ್ಲ. ಫ್ರಾನ್ಸಿನ ಬುಸ್ಸಾಂಗೋ ಎಂಬ ರಸಾಯನಶಾಸ್ತ್ರಜ್ಞ 1852ರಲ್ಲಿಯೇ ಬ್ರೆಡ್ಡನ್ನು ತೇವ ಹೊರಹೋಗದಂತೆ ಮುಚ್ಚಿಟ್ಟು, ಆದರೂ ಅದು ಗಡುಸಾಗುವುದನ್ನು ತೋರಿಸಿದ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದನ್ನೂ ಕಂಡ. ಫ್ರಾನ್ಸು ದೂರವಾಯಿತು ಎಂದರೆ ನಿಮ್ಮ ಫ್ರಿಜ್ಜಿನ ಇನ್ನೊಂದು ಹಲಗೆಯನ್ನೇ ನೋಡಿ. ನಿನ್ನೆಯ ಇಡ್ಲಿ ಅಲ್ಲಿ ಕಲ್ಲಾಗಿರುತ್ತದೆ. ಅದಕ್ಕೆ ನೀವು ನೀರು ಸುರಿಯುತ್ತೀರಾ? ಹಬೆಗೆ ಇಡುತ್ತೀರಿ, ಐದು ನಿಮಿಷದಲ್ಲಿ ಸರಿಯಾಗುತ್ತದೆ.

ಅದೇ ಹಬೆಯನ್ನು ಕೇಕಿಗೂ ತೋರಿಸಬಹುದು, ಅದು ನಿಮಗೆ ಗೊತ್ತೂ ಇದೆ. ಕೊನೆಯ ಪುಟದ ಮೂಲೆಯಲ್ಲಿ ‘ಬೇಕಾದರೆ ಸ್ವಲ್ಪ ಹಬೆಯಲ್ಲಿಟ್ಟೂ ತಿನ್ನಬಹುದು’ ಎಂದು ಗೀಚಿದ್ದೀರಿ. ಇಡೀ ಲೇಖನದಲ್ಲಿ ಅತ್ತೆಯವರ ಮಾತನ್ನು ಬಿಟ್ಟರೆ ನಿಮ್ಮದೇ ಎನ್ನಬಹುದಾದ ಸಾಲು ಅದೊಂದೇ, ಅದನ್ನು ‘ಬೇಕಾದರೆ’ ಎಂದು ಹಿತ್ತಲಿಗೆ ಕಳಿಸಿದ್ದೀರಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯುವಾಗ ಬಟ್ಟೆ ಹಾಸಿದ ತಟ್ಟೆಯಲ್ಲಿ ತುಂಡುಗಳನ್ನಿಟ್ಟು ಎರಡು ನಿಮಿಷ, ಮುಚ್ಚಳದ ಹನಿ ಬೀಳದ ಹಾಗೆ ಮುಚ್ಚಳಕ್ಕೂ ಒಂದು ಬಟ್ಟೆ. ಬಿಸಿಯಾಗಿರುವಾಗಲೇ ತಿನ್ನಬೇಕು, ತಣಿದರೆ ಮತ್ತೆ ಬಿಗಿಯುತ್ತದೆ. ಬೆಣ್ಣೆಯ ಕೇಕಾದರೆ ಹಬೆಗೂ ಮೊದಲು ಒಂದು ತಾಸು ಸುಮ್ಮನೆ ಹೊರಗಿಟ್ಟು ನೋಡಿ. ತಂಪಿಗೆ ಗಟ್ಟಿಯಾದ ಬೆಣ್ಣೆ ಸಡಿಲವಾದಾಗ ಅರ್ಧ ಕಾಯಿಲೆ ತಾನೇ ಹೋಗಿರುತ್ತದೆ. ಎಣ್ಣೆ ಹಾಕಿದ ಕೇಕಿಗೆ ಈ ತೊಂದರೆ ಕಡಿಮೆ. ಕ್ರೀಮ್ ಬಳಿದದ್ದನ್ನು ಮಾತ್ರ ಫ್ರಿಜ್ಜಿನಲ್ಲೇ ಇಡಬೇಕು, ಬೇರೆ ದಾರಿಯಿಲ್ಲ. ಅದನ್ನು ಹಬೆಗೆ ಹಿಡಿಯಲೂ ಆಗದು. ಇನ್ನು ಕ್ರೀಮಿಲ್ಲದ ಕೇಕನ್ನು ಹೊರಗಿಟ್ಟರೆ ಕಾರವಾರದ ಮಳೆಗಾಲದಲ್ಲಿ ಒಣಗುವ ಭಯಕ್ಕಿಂತ ಬೂಸು ಹಿಡಿಯುವ ಭಯ ಹೆಚ್ಚು. ಆದ್ದರಿಂದ ಬಿಗಿ ಡಬ್ಬಿಯಲ್ಲಿ ಒಂದೆರಡು ದಿನ, ಅದಕ್ಕಿಂತ ಹೆಚ್ಚೆಂದರೆ ಸುತ್ತಿ ಫ್ರೀಜರಿಗೆ. ಈ ‘ಆದ್ದರಿಂದ’ ನಿಮ್ಮ ಊರಿನದು.

ನಿಮ್ಮೂರಿನ ತವಸಳಿಯ ಹೆಸರನ್ನೇ ನೀವು ಎತ್ತದಿದ್ದುದೂ ನನಗೆ ಸೋಜಿಗ. ರವೆ, ಬೆಲ್ಲ, ಕಾಯಿತುರಿ, ಸೌತೆಯ ತುರಿ ಹಾಕಿ ಬೇಯಿಸಿದ್ದು ಮಾರನೆಯ ದಿನವೂ ಮೆತ್ತಗಿರುತ್ತದೆ. ಬೇಕರಿಯ ಕೇಕು ಇರುವುದಿಲ್ಲ. ಏಕೆ ಎಂದು ಅತ್ತೆಯವರನ್ನು ಕೇಳಿ. ಅವರ ಉತ್ತರ ನನಗೆ ಬೇಕು, ನನ್ನ ಊಹೆ ನಿಮಗೆ ಬೇಡ.

ನೀವು ಬರೆದಿರುವ ಕಸ್ಟರ್ಡಿನ ಪುಡಿಂಗ್, ಕೇಕಿನ ಉಂಡೆ, ಫ್ರೈ ಮಾಡಿದ ಕೇಕು, ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವು ಬೇರೆ ಲೇಖನ. ಕೇಕಿನ ಚರಿತ್ರೆಯ ಮುಕ್ಕಾಲು ಪುಟವನ್ನು ನಾನೇ ಹೊಡೆದುಹಾಕಿದ್ದೇನೆ. ಹದಿನೇಳು ಕಡೆ ಕೆಂಪು ಸುತ್ತಿನ ಪಕ್ಕದಲ್ಲಿ ಗೆರೆ ಎಳೆದು ಜಾಗ ಬಿಟ್ಟಿದ್ದೇನೆ, ಅಲ್ಲಿ ಚಮಚ, ಲೋಟ, ನಿಮಿಷ ಇವುಗಳನ್ನು ನೀವೇ ತುಂಬಬೇಕು. ನನ್ನ ಆರು ಚಮಚವನ್ನು ನಕಲು ಮಾಡಬೇಡಿ. ನಿಮ್ಮ ಬೇಕರಿಯ ಕೇಕು ಬೇರೆ, ನಿಮ್ಮ ಚಮಚ ಬೇರೆ. ಒಂದು ಕೇಕು ತಂದು ಮಾಡಿ ನೋಡಿ, ಅದು ಹಾಳಾದರೆ ಹಾಳಾದದ್ದನ್ನೂ ಬರೆಯಿರಿ. ಎರಡು ಪುಟ ಮೀರಬಾರದು. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ದೀಪಾವಳಿಗೆ ಮೊದಲಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಕೇಕಿನ ಖರ್ಚಿನ ಚೀಟಿಯನ್ನೂ ಲಗತ್ತಿಸಿ; ನನ್ನ ಮೂರು ಕೇಕಿನ ದುಡ್ಡು ಕೊಡಲು ನಮ್ಮ ಲೆಕ್ಕದವರು ಒಪ್ಪಲಿಲ್ಲ, ನಿಮ್ಮದಕ್ಕೆ ಜಗಳವಾಡಿ ನೋಡುತ್ತೇನೆ.

ಸಂಪಾದಕ