ವೆಲ್ವೆಟ್ ಪರದೆ ಬೇಡ ಮಾರಾಯ್ರೆ

ಮಂಗಳೂರಿನ ಕದ್ರಿಯ ಫ್ಲ್ಯಾಟಿನ ಹಾಲ್‌ಗೆ ಫ್ಯಾಷನ್ ಶೋ ಕಳೆ ಬರಬೇಕು, ಹಸಿರು ವೆಲ್ವೆಟ್ ಪರದೆ ಹಾಕಬಹುದಾ ಅಂತ ಕೇಳಿದ್ದೀರಿ. ಪರದೆಗೆ ಮಾತ್ರ ಬೇಡ. ನಾನು ಹಾಕಿಸಿದ್ದೆ, ಆಟಿ (ತುಳುನಾಡಿನ ಜೋರು ಮಳೆಯ ತಿಂಗಳು) ಮುಗಿಯುವಷ್ಟರಲ್ಲಿ ನೆರಿಗೆಯೊಳಗೆಲ್ಲ ಬೂಷ್ಟು, ಮುಟ್ಟಿದರೆ ಕೈಗೆ ಹಿಟ್ಟು ಮೆತ್ತಿದ ಹಾಗೆ. ವೆಲ್ವೆಟ್ ಆಸೆಯನ್ನು ಎರಡು ಕುಶನ್ನಿಗೆ ಮುಗಿಸಿ, ಬಿಸಿಲು ಬಂದಾಗ ಒಣಗಿಸಬಹುದು. ಇಟಲಿಯ ಫ್ಯಾಷನ್ ಕಂಪನಿ ವರ್ಸಾಚೆಯವರು 1992ರಲ್ಲೇ ಮನೆಸಾಮಾನಿಗೆ ಇಳಿದವರು, ಆದರೆ ಅವರ ಚಿನ್ನದ ಅಬ್ಬರ ನಮ್ಮ ಸಣ್ಣ ಹಾಲ್‌ಗೆ ಜಾಸ್ತಿಯೇ (ನನ್ನ ಅಭಿಪ್ರಾಯ, ಬೈಯಬೇಡಿ). ಕಿಟಕಿಗೆ ಉಡುಪಿ ಕೈಮಗ್ಗದ ಹತ್ತಿ ಸೀರೆ ಇಳಿಬಿಡಿ: ಹಗುರ, ಬೇಗ ಒಣಗುತ್ತದೆ, ಅಂಚಿನ ಬಣ್ಣವೇ ಶೃಂಗಾರ. ಅಜ್ಜಿಮನೆಯ ಹಿತ್ತಾಳೆ ಕಾಲುದೀಪ ಇದ್ದರೆ ಹುಣಸೆಹುಳಿ ಹಾಕಿ ತಿಕ್ಕಿ ದೊಡ್ಡ ಕನ್ನಡಿಯೆದುರು ಇಡಿ. ಕನ್ನಡಿಯನ್ನು ಗೋಡೆಗೆ ಒತ್ತಿ ಕೂರಿಸಬೇಡಿ. ಹಿಂದೆ ಗಾಳಿಯಾಡದಿದ್ದರೆ ಅಂಚಿನಿಂದಲೇ ಕಪ್ಪು ಕಲೆ ಹಿಡಿಯುತ್ತದೆ.